ಮಾಲ್ಡೋವಾಕ್ಕೆ ಹೋದ ಐದು ಕೊಬ್ಬರಿ

ಮಾಲ್ಡೋವಾ ಎಂಬ ದೇಶ ಇದೆಯೆಂದು ನನಗೆ ಗೊತ್ತಾಗಿದ್ದೇ ಅಲ್ಲಿಂದ ಆರ್ಡರ್ ಬಂದ ದಿನ. ಅದಕ್ಕೂ ಮುಂಚೆ ಮಾರಿಷಸ್ಸಿಗೆ ಕಳಿಸಿದ್ದೆ, ಪೋಲೆಂಡಿಗೆ ಕಳಿಸಿದ್ದೆ. ಪ್ರತಿ ಸಲವೂ ತುರುವೇಕೆರೆ ಪೋಸ್ಟ್ ಆಫೀಸಿನ ಜ್ಞಾನೇಶ್ ಪೆಟ್ಟಿಗೆಯನ್ನು ತೂಕಕ್ಕಿಟ್ಟು, "ಇದೆಲ್ಲಿ ಬತ್ತದೆ ಮೇಡಂ?" ಎಂದು ಕೇಳುತ್ತಿದ್ದರು. ನಾನು ದೊಡ್ಡ ತಿಳಿದವಳ ಹಾಗೆ "ಯುರೋಪ್ ಕಡೆ" ಎನ್ನುತ್ತಿದ್ದೆ. ಮಾರಿಷಸ್ಸಿಗೂ ಅದನ್ನೇ ಹೇಳಿದ್ದೆ.

ನಮ್ಮದು ಮಾಯಸಂದ್ರದ ಹತ್ತಿರದ ಹಳ್ಳಿ. ನಮ್ಮ ಯಜಮಾನರು ಮಹಾಂತೇಶ್ ತೋಟ ನೋಡಿಕೊಂಡು ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಹಾಕುತ್ತಾರೆ. ಅದರಲ್ಲಿ ಒಂದಿಷ್ಟು ಉಂಡೆ ಕೊಬ್ಬರಿಯನ್ನು ನಾನು ಪೆಟ್ಟಿಗೆಗೆ ತುಂಬಿ ಆನ್‌ಲೈನಿನಲ್ಲಿ ಮಾರುತ್ತೇನೆ. ಹೆಸರಿಗೆ ವ್ಯಾಪಾರ ನನ್ನದು. ಅದು ನಡೆಯುವುದು ಮಾತ್ರ ನಮ್ಮತ್ತೆ ಶಿವರುದ್ರಮ್ಮನ ಬಲಗಿವಿಯಿಂದ.

ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯನ್ನು ಸುಲಿದ ಮೇಲೆ ಅತ್ತೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಂದೇ ಸಲ. ಒಳಗೆ ಕೊಬ್ಬರಿ ಚೆನ್ನಾಗಿ ಒಣಗಿ ಕರಟ ಬಿಟ್ಟಿದ್ದರೆ ಗಡಗಡ ಅನ್ನುತ್ತದಂತೆ, ಕೆಟ್ಟಿದ್ದರೆ ಬೊದಬೊದ ಅನ್ನುತ್ತದಂತೆ. ನನಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಒಳ್ಳೆಯದು ಬಲಕ್ಕೆ, ಕೆಟ್ಟದ್ದು ಎಡಕ್ಕೆ. ಎಡಗಡೆಯವುಗಳ ಕರಟ ಒಡೆದು, ಉಂಡೆಯನ್ನು ಎಣ್ಣೆಗೆ ಹೋಗುವ ಚೀಲಕ್ಕೆ ಹಾಕುತ್ತೇವೆ. ಕರಟ ತೆಗೆದ ಮೇಲೆ ಹೊರಗಿನಿಂದ ನೋಡಿದರೆ ಯಾವುದು ಯಾವುದೋ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಕುಯ್ದರೆ ಮಾತ್ರ ಕೆಟ್ಟದ್ದರ ಒಳಗೆ ಹಳದಿ, ಮೂಗಿಗೆ ಬಡಿಯುವ ಕಮಟು ವಾಸನೆ.

ಊರಿನಲ್ಲಿ ಮಗಳಿಗೆ ಮಡಿಲಕ್ಕಿ ಕಟ್ಟುವವರು ಮೊದಲು ಕಾಯಿ ತಂದು ಅತ್ತೆಯ ಕೈಗೆ ಕೊಟ್ಟು, ಅವರು ಹೂಂ ಅಂದ ಮೇಲೇ ಒಯ್ಯುತ್ತಾರೆ. ನಾನು ಅದನ್ನೇ ಬಂಡವಾಳ ಮಾಡಿಕೊಂಡೆ. ಪ್ರತಿ ಪೆಟ್ಟಿಗೆಯಲ್ಲೂ ಒಂದು ಕಾರ್ಡು, ಅದರಲ್ಲಿ ಅತ್ತೆ ಕಾಯನ್ನು ಕಿವಿಗೆ ಹಿಡಿದಿರುವ ಫೋಟೋ. 'ಪ್ರತಿಯೊಂದನ್ನೂ ಶಿವರುದ್ರಮ್ಮ ಕಿವಿಯಾರೆ ಕೇಳಿ ಆರಿಸಿದ್ದಾರೆ' ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆಸಿದ್ದೆ.

ಮಾಲ್ಡೋವಾದ ಎಲೆನಾ ಎಂಬ ಹೆಂಗಸು ಕೇಳಿದ್ದು ಹನ್ನೆರಡು ಉಂಡೆ. ಕಳಿಸಲು ನಾನು ಕೊಟ್ಟಿದ್ದ ಗಡುವಿನ ಕೊನೆಯ ದಿನ ನೋಡುತ್ತೇನೆ, ಒಳ್ಳೆಯವು ಏಳೇ ಉಳಿದಿವೆ. ರೇಟು ಏರಿದೆಯೆಂದು ಯಜಮಾನರು ಬೆಳಿಗ್ಗೆಯೇ ಮಿಕ್ಕಿದ್ದನ್ನೆಲ್ಲ ತಿಪಟೂರಿಗೆ ಸಾಗಿಸಿದ್ದರು. ಎರಡು ದಿನ ತಡವಾಗುತ್ತದೆ ಎಂದು ಎಲೆನಾಗೆ ಬರೆಯಬಹುದಿತ್ತು. ಎರಡು ಸಾಲಿನ ಕೆಲಸ. ಬರೆಯಲಿಲ್ಲ. ಅತ್ತೆ ದನಕ್ಕೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋಗಿದ್ದಾಗ ಎಣ್ಣೆ ಚೀಲಕ್ಕೆ ಕೈಹಾಕಿ ಐದು ತೆಗೆದು, ಒರೆಸಿ, ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮೇಲೆ ಒಳ್ಳೆಯ ಏಳು, ಅದರ ಮೇಲೆ ಅತ್ತೆಯ ಫೋಟೋ.

ಅಷ್ಟು ದೂರದವರಿಗೆ ಕೊಬ್ಬರಿಯ ರುಚಿ ಏನು ಗೊತ್ತು ಎಂದುಕೊಂಡೆ. ಚಿಕ್ಕನಾಯಕನಹಳ್ಳಿಗೆ ಕಳಿಸುವುದಾಗಿದ್ದರೆ ಹಾಗೆ ಮಾಡುತ್ತಿದ್ದೆನೇ? ಖಂಡಿತ ಇಲ್ಲ. ಅವರು ಬಸ್ಸು ಹತ್ತಿ ಬಂದು ಮುಖಕ್ಕೆ ಉಗಿಯುತ್ತಾರೆ. ಮಾಲ್ಡೋವಾದಿಂದ ಮಾಯಸಂದ್ರಕ್ಕೆ ಬಸ್ಸಿಲ್ಲವಲ್ಲ.

ತಿಂಗಳಾದ ಮೇಲೆ ಒಂದು ಸಂಜೆ ನಾನು ರೊಟ್ಟಿ ತಟ್ಟುತ್ತಿದ್ದೆ. ನನ್ನ ಫೋನು ಒಂಬತ್ತನೇ ಕ್ಲಾಸಿನ ಮಗಳು ಲಿಖಿತಾಳ ಕೈಯಲ್ಲಿತ್ತು. ಹೊರದೇಶದವರು ಬರೆದದ್ದನ್ನು ಕನ್ನಡ ಮಾಡಿ ಅಜ್ಜಿಗೆ ಹೇಳುವುದು ಅವಳ ಕೆಲಸ, ಕೇಳಿಸಿಕೊಂಡು ಓಣಿಗೆಲ್ಲ ಹೇಳುವುದು ಅಜ್ಜಿಯ ಕೆಲಸ.

"ಅಜ್ಜಿ, ಮಾಲ್ಡೋವಾದವ್ರು ಐದು ಸ್ಟಾರ್ ಕೊಟ್ಟವ್ರೆ! ಏಳು ಕೊಬ್ಬರಿ ಸಿಹಿಯಾಗಿದ್ವಂತೆ. ಐದು ಕಹಿ, ಗಂಟಲು ಹಿಡಿಯೋ ಅಂಥವಂತೆ. ನೀನು ಬೇಕಂತ್ಲೇ ಎರಡನ್ನೂ ಸೇರಿಸ್ತೀಯ ಅನ್ಕೊಂಡ್ರಂತೆ. ಅವರಮ್ಮನೂ ಅವರೂ ಮೊದಲು ಕಹಿಯದು ತಿಂದು ಆಮೇಲೆ ಸಿಹಿಯದು ತಿಂದ್ರಂತೆ. ಬೇವು ಬೆಲ್ಲ ಅನ್ಕೊಂಡವ್ರೆ ಕಣಜ್ಜಿ!" ಲಿಖಿತಾ ಬಿದ್ದು ಬಿದ್ದು ನಕ್ಕಳು.

ಅತ್ತೆ ನಗಲಿಲ್ಲ. "ಹನ್ನೆರಡ್ರಲ್ಲಿ ಐದಾ?" ಎಂದರು.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ ಮಾತು: "ದಾರೀಲಿ ತೇವ ಆಗಿರ್ಬೇಕು ಬಿಡಿ ಅತ್ತೆ."

"ತೇವ ಆದ್ರೆ ಬೂಷ್ಟು ಬತ್ತದೆ ಕಣವ್ವ. ಕಮಟು ಕಾಯಲ್ಲೇ ಇತ್ತು. ನಂಗೆ ಕೇಳಿಸ್ಲಿಲ್ಲ ಅಷ್ಟೆ."

ಮರುದಿನದಿಂದ ಅತ್ತೆ ಕಾಯನ್ನು ಒಂದು ಸಲ ಅಲ್ಲಾಡಿಸುವುದು ಬಿಟ್ಟು ಎರಡು ಸಲ, ಮೂರು ಸಲ ಅಲ್ಲಾಡಿಸತೊಡಗಿದರು. ಬಲಗಿವಿಯಿಂದ ಎಡಗಿವಿಗೆ ಹಿಡಿದರು. ಬಲಕ್ಕೆ ಇಟ್ಟಿದ್ದನ್ನು ಮತ್ತೆ ಎತ್ತಿಕೊಂಡರು. ಪಕ್ಕದ ಮನೆಯ ಲಕ್ಷ್ಮಕ್ಕ ಮಗಳ ಮಡಿಲಕ್ಕಿಗೆ ಕಾಯಿ ತಂದರೆ ಮುಟ್ಟಲೂ ಇಲ್ಲ. "ಬೇರೆ ಯಾರ್‌ಗಾದ್ರೂ ತೋರ್ಸವ್ವ. ನನ್ನ ಕಿವಿ ಹೋಯ್ತು" ಎಂದುಬಿಟ್ಟರು. ಲಕ್ಷ್ಮಕ್ಕ ನನ್ನ ಮುಖ ನೋಡಿದಳು, ನಾನು ಸೊಪ್ಪು ಸೋಸುತ್ತಾ ಕೂತೆ.

ರಾತ್ರಿ ಮಲಗುವ ಮುಂಚೆ ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಿಸಿಕೊಳ್ಳತೊಡಗಿದರು. ಕಾಯಿಸಿ ಬಿಡುತ್ತಿದ್ದವಳು ನಾನು. ಆ ಎಣ್ಣೆಯೂ ಅಂಥದ್ದೇ ಚೀಲದ ಕೊಬ್ಬರಿಯದು. ಏನೂ ಆಗದ ಕಿವಿಗೆ ದಿನಾ ಎಣ್ಣೆ ಬಿಡುವ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತಿತ್ತು. ಆದರೂ ಒಂಬತ್ತು ದಿನ ಬಿಟ್ಟೆ.

ಹತ್ತನೆಯ ದಿನ ಅತ್ತೆ ಆ ಕಾರ್ಡುಗಳ ಕಟ್ಟನ್ನು ತಂದು ನನ್ನ ಮುಂದಿಟ್ಟರು. "ಇನ್ಮೇಲೆ ನನ್ನ ಫೋಟೋ ಹಾಕ್ಬೇಡ, ತೆಗೆದುಬುಡು. ಕಿವಿ ಕೇಳ್ದೇ ಇರೋಳ ಹೆಸ್ರು ಹಾಕಿ ಜನಕ್ಕೆ ಸುಳ್ಳು ಹೇಳ್ದಂಗಾಯ್ತದೆ."

ನನಗೆ ತಡೆಯಲಾಗಲಿಲ್ಲ. "ಅತ್ತೆ, ನಿಮ್ಮ ಕಿವಿಗೆ ಏನೂ ಆಗಿಲ್ಲ. ಆ ಐದು ನೀವು ಆರಿಸಿದ್ದಲ್ಲ. ಎಣ್ಣೆ ಚೀಲದಿಂದ ತೆಗೆದು ನಾನೇ ಹಾಕಿದ್ದು."

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಅದೂ ಪ್ರೀತಿಯಿಂದ.

"ಮುದುಕಿ ಕೊರಗ್ತಾವ್ಳೆ ಅಂತ ಇಲ್ಲದ ಅಪವಾದ ಮೈಮೇಲೆ ಎಳ್ಕೋಬೇಡ ಕಣೇ ಗಿರಿಜಾ. ಹದಿನಾರು ವರ್ಷದಿಂದ ನೋಡ್ತಿಲ್ವಾ ನಿನ್ನ? ನೀನು ಅಂಥೋಳಲ್ಲ."

ದೇವರಾಣೆ ಎಂದೆ. "ಆಣೆಗೀಣೆ ಇಡ್ಬೇಡ" ಎಂದು ಗದರಿದರು. ಅವರನ್ನು ನಂಬಿಸಲು ಇನ್ನೊಂದೇ ದಾರಿ ಉಳಿದಿತ್ತು. ಸುಲಿದಿಟ್ಟಿದ್ದ ಕಾಯಿಗಳಲ್ಲಿ ಕೈಗೆ ಸಿಕ್ಕ ಹತ್ತನ್ನು ಮಡಿಲಿಗೆ ಹಾಕಿಕೊಂಡು ಬಂದು ಅವರ ಮುಂದೆ ಸುರಿದೆ. ಮಚ್ಚು ತಂದೆ.

"ಒಂದೊಂದೇ ಸಲ ಅಲ್ಲಾಡಿಸಿ ಹೇಳಿ. ನಾನು ಒಡೆದು ತೋರಿಸ್ತೀನಿ."

ಮೊದಲನೆಯದನ್ನು ಅಳುಕುತ್ತಲೇ ಕಿವಿಗೆ ಹಿಡಿದರು. "ಒಳ್ಳೇದು... ಇರ್ಬೇಕು." ಒಡೆದೆ, ಕುಯ್ದೆ. ಬೆಳ್ಳಗಿತ್ತು. ಎರಡನೆಯದು ಒಳ್ಳೇದು ಎಂದರು, ಅದೂ ಬೆಳ್ಳಗೆ. ಮೂರನೆಯದನ್ನು ಅಲ್ಲಾಡಿಸಿ ಮೂಗು ಮುರಿದರು. ಕುಯ್ದರೆ ಹಳದಿ, ಕಮಟು ವಾಸನೆ ನಡುಮನೆಗೆಲ್ಲ ಹರಡಿತು. ನಾಲ್ಕನೆಯದಕ್ಕೆ ಅತ್ತೆಯ ಮುಖ ಅರಳಿತು. "ಐತೆ ಕಣೇ, ಕಿವಿ ಐತೆ!" ಎಂದು ಮಗುವಿನ ಹಾಗೆ ನನ್ನ ತೋಳು ಹಿಡಿದರು.

ಆರನೆಯದಕ್ಕೆ ಆ ಕೈ ಬಿಟ್ಟರು. ಏಳು, ಎಂಟು. ಪ್ರತಿಯೊಂದೂ ಅವರು ಹೇಳಿದ ಹಾಗೇ ಇತ್ತು. ಒಂಬತ್ತನೆಯದನ್ನು ಅಲ್ಲಾಡಿಸಿ ಕೆಟ್ಟದ್ದು ಎಂದು ಮೆಲ್ಲಗೆ ಹೇಳಿದರು. ಕೆಟ್ಟದ್ದೇ. ಹತ್ತನೆಯದನ್ನು ಕೈಯಲ್ಲೇ ಹಿಡಿದು ಕೂತರು. ಅಲ್ಲಾಡಿಸಲಿಲ್ಲ.

"ಹಂಗಾದ್ರೆ ನೀನೇ ಹಾಕಿದ್ದು."

"ಹೂಂ ಅತ್ತೆ."

"ನನ್ನ ಫೋಟೋ ಮೇಲಿಟ್ಟು."

ತಲೆ ತಗ್ಗಿಸಿದೆ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಅದಕ್ಕೆ ನಾನು ತಯಾರಾಗಿಯೇ ಬಂದಿದ್ದೆ. ಅತ್ತೆ ಬೈಯಲಿಲ್ಲ.

"ಕಿವಿ ಹೋಗಿದ್ರೇ ವಾಸಿಯಾಗಿತ್ತು" ಎಂದರು.

ಆಮೇಲೆ ಎದ್ದು ರಾಶಿಯ ಹತ್ತಿರ ಹೋದರು. ಒಂದೊಂದಾಗಿ ಅಲ್ಲಾಡಿಸಿ ಐದು ಕಾಯಿ ಆರಿಸಿ ನನ್ನ ಮುಂದಿಟ್ಟು, "ಆಯಮ್ಮಂಗೆ ಕಳ್ಸು. ತಪ್ಪಾಯ್ತು ಅಂತ ಬರಿ" ಎಂದರು. ನಾನು ಒಡೆಯಲು ಕೂತೆ. ಅತ್ತೆ ಗೂಟದಲ್ಲಿದ್ದ ಹಗ್ಗ ತಂದು ಎಣ್ಣೆ ಚೀಲದ ಬಾಯಿಗೆ ಎರಡು ಸುತ್ತು ಸುತ್ತಿ ಗಂಟು ಬಿಗಿದರು. ಹದಿನಾರು ವರ್ಷದಲ್ಲಿ ಆ ಚೀಲದ ಬಾಯಿ ಕಟ್ಟಿದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ.