ಹಾರಕ್ಕೆ ಹೋದ ಉಳ್ಳಾಗಡ್ಡಿ

ಒಂದಾನೊಂದು ಕಾಲದಲ್ಲಿ, ಎಂದರೆ ಈರುಳ್ಳಿ ಸೇಬಿನ ಬೆಲೆ ಮುಟ್ಟಿದ ಈಚಿನ ಕಾಲದಲ್ಲೇ, ಚಿಕ್ಕಬಾಣಾವರದ ವಠಾರವೊಂದರಲ್ಲಿ ಪಾರವ್ವ ಎಂಬ ತಾಯಿಯೂ ಪ್ರತಿಭಾ ಎಂಬ ತುಂಬು ಬಸುರಿ ಮಗಳೂ ಇದ್ದರು. ಕಥೆಯ ಬಸುರಿ ರಾಣಿಯರು ಏಳು ಸಮುದ್ರದಾಚೆಯ ಹಣ್ಣು ಬಯಸುತ್ತಾರೆ. ಪ್ರತಿಭಾ ಬಯಸಿದ್ದು ಬಿಸಿ ರೊಟ್ಟಿಗೆ ಉಳ್ಳಾಗಡ್ಡಿ ಝುಣಕ. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆಂದು ಪಾರವ್ವನ ನಂಬಿಕೆ.

"ಇವತ್ತ ಸಂಜೀಕ ಮಾಡಿ ಉಣಸ್ತೀನಿ, ನನ್ನ ಮಾತು," ಎಂದು ಮಗಳ ತಲೆ ಮುಟ್ಟಿ ಹೇಳಿ, ಹೇಗೋ ಒಂದಿಷ್ಟು ಉಳ್ಳಾಗಡ್ಡಿ ಸೆರಗಿನಲ್ಲಿ ಕಟ್ಟಿ ತಂದಳು. ಬಾಗಿಲಲ್ಲೇ ಪಕ್ಕದ ಮನೆಯ ಆಟೋ ಬೈರಣ್ಣ ನಿಂತಿದ್ದ.

"ಪಾರವ್ವ, ಗೊರಗುಂಟೆಪಾಳ್ಯದಲ್ಲಿ ಬೆಲೆ ಏರಿಕೆ ಧರಣಿ. ಖಾಲಿ ಗ್ಯಾಸ್ ಸಿಲಿಂಡರ್ ಸಿಕ್ತು, ಅದಕ್ಕೆ ಈರುಳ್ಳಿ ಹಾರ ಬೇಕು. ಟೀವಿಯವ್ರು ಬರ್ತಾರೆ. ಕೊಡಿ, ಸಂಜೆಗೆ ಹಂಗೇ ವಾಪಸ್."

"ಪ್ಯಾಟ್ಯಾಗ ತಗೋರಿ."

"ಕೊಳ್ಳೋ ಹಂಗಿದ್ರೆ ಧರಣಿ ಯಾಕಮ್ಮ ಮಾಡ್ತಿದ್ವಿ?"

ನಗು ಬಂತು; ಪಾರವ್ವ ಸೋತಳು. ದಬ್ಬಣ ಹಿಡಿದು ತಾನೇ ಪೋಣಿಸಿದಳು. ಚುಚ್ಚಿದ ಉಳ್ಳಾಗಡ್ಡಿ ನಾಳೆಗೆ ಉಳಿಯದು, ಕೊಳೆಯುತ್ತದೆ. ಇರಲಿ, ಸಂಜೆಯೇನು ದೂರವಿಲ್ಲ ಎಂದುಕೊಂಡು ಹಾರದ ಹಿಂದೆಯೇ ಹೊರಟಳು.

ಜಂಕ್ಷನ್ನಿನಲ್ಲಿ ಘೋಷಣೆಗಿಂತ ಹಾರ್ನ್ ಜೋರಾಗಿತ್ತು. ಕ್ಯಾಮೆರಾ ಕಂಡದ್ದೇ ಬೈರಣ್ಣ ಸಿಲಿಂಡರಿನ ಹಾರ ತೆಗೆದು ತನ್ನ ಕೊರಳಿಗೆ ಹಾಕಿಕೊಂಡ. ಅಷ್ಟರಲ್ಲಿ ಪೊಲೀಸರು ಬಂದು ಅವನನ್ನು ಹಾರದ ಸಮೇತ ವ್ಯಾನಿಗೆ ತುಂಬಿದರು.

"ಸಾಹೇಬ್ರ, ಹಾರ ಅಷ್ಟ ಕೊಡ್ರಿ. ಮಗಳು ಬಸುರಿ ಅದಾಳ್ರಿ!"

"ಸ್ಟೇಷನ್‌ಗೆ ಬಾಮ್ಮ. ಇವತ್ತು ಬಿಡ್ತಾರೋ ನಾಳೆನೋ, ನಂಗೇನ್ ಗೊತ್ತು?" ಎಂದ ಪೇದೆ ಬಾಗಿಲು ಹಾಕಿದ.

ಒಳಗೆ ಬೈರಣ್ಣ ಹಲ್ಲಿನಿಂದ ದಾರ ಕಡಿದು, ಕಿಟಕಿಯ ಕಂಬಿಗಳ ನಡುವೆ ಒಂದೊಂದೇ ಉಳ್ಳಾಗಡ್ಡಿ ತೂರಿಸತೊಡಗಿದ. "ಹಿಡ್ಕೊಳ್ಳಿ ಪಾರವ್ವ! ಅಯ್ಯೋ, ದಪ್ಪವು ತೂರ್ತಿಲ್ಲ ಕಣಮ್ಮ..."

ವ್ಯಾನು ಹೊರಟಿತು. ಉದುರಿದ ಕೆಲವನ್ನು ಬಸ್ಸಿನ ಚಕ್ರ ಅರೆಯಿತು. ಸೆರಗಿನಲ್ಲಿ ಉಳಿದವು ಗೋಲಿಯಂಥ ಪುಟ್ಟವು ಮಾತ್ರ. ಪಾರವ್ವನಿಗೆ ಬೈರಣ್ಣನ ಪರವಾಗಿ ಕೂಗಬೇಕೆನಿಸಿತು. ಯಾರನ್ನು ಕೂಗುವುದೆಂದು ತಿಳಿಯಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ತರಕಾರಿಯವನು ಹಲಗೆಯ ಮೇಲಿನ ಬೆಳಗಿನ ದರ ಅಳಿಸಿ, ಇನ್ನೂ ಏರಿದ ದರ ಬರೆಯುತ್ತಿದ್ದ.

ಸಂಜೆ ಪಕ್ಕದ ಮನೆಯ ಬೀಗ ಹಾಗೇ ಇತ್ತು. ಪಾರವ್ವ ದಬ್ಬಣದ ತೂತಿನ ಸುತ್ತಲಿನದನ್ನು ಕೆತ್ತಿ ತೆಗೆದು, ಉಳಿದದ್ದನ್ನು ಹೆಚ್ಚಿ, ಕಡಲೆಹಿಟ್ಟನ್ನೇ ಜಾಸ್ತಿ ಹಾಕಿ ಝುಣಕ ಮಾಡಿದಳು.

ಪ್ರತಿಭಾ ತಾಟು ನೋಡಿದಳು. "ಯವ್ವಾ, ಇದರಾಗ ಉಳ್ಳಾಗಡ್ಡಿ ಎಲ್ಲೈತಿ?"

"ಕೆಳಗ ಐತಿ. ಹುಡುಕಿ ತಿನ್ನು."

ರೊಟ್ಟಿಯ ಚೂರಿನಿಂದ ಕೆದಕಿ ಕೆದಕಿ, ಕೊನೆಗೆ ಸಿಕ್ಕ ಒಂದು ಎಸಳನ್ನು ಪ್ರತಿಭಾ ಬಾಯಿಗಿಟ್ಟುಕೊಂಡಳು. ಅವಳು ನುಂಗುವ ತನಕ ಪಾರವ್ವ ಕಣ್ಣು ತೆಗೆಯಲಿಲ್ಲ.