ಹನ್ನೆರಡನೆಯ ಎಲೆ

ಒಬ್ಬ ಮನುಷ್ಯನನ್ನು ಪಂಪ್‌ಮನೆಯ ಕಬ್ಬಿಣದ ತೊಲೆಗೆ ಒಂಟಿ ಕಾಲಿನಲ್ಲಿ ನೇತುಹಾಕಲು ಮೂವರು ಗಂಡಸರು ಬೇಕಾದರು. ಹೇಗೆ ನೇತುಹಾಕಬೇಕೆಂದು ಅವರಿಗೆ ಕಲಿಸಿದ್ದು ಅಂಗೈಯಗಲದ ಒಂದು ಚಿತ್ರ. ಆ ಚಿತ್ರವನ್ನು ಮನೆಗೆ ತಂದವಳು ಅರ್ಪಿತ.

ಅರ್ಪಿತ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಬದಿಯ ಹಳ್ಳಿಯವಳು, ವಿಜ್ಞಾನದ ಪದವೀಧರೆ. ತಾಂಡ್ಯದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಅಳೆಯದೆ ಯಾವ ಅಂಕಿಯನ್ನೂ ಬರೆಯಬಾರದೆಂಬ ಶಿಸ್ತನ್ನು ದಿನಕ್ಕೆ ಎಂಟು ಗಂಟೆ ಪಾಲಿಸುತ್ತಿದ್ದವಳು. ಅಂಥವಳು ಭವಿಷ್ಯ ಹೇಳುವ ಟ್ಯಾರೋ ಎಲೆಗಳ ಕಟ್ಟೊಂದನ್ನು ತರಿಸಿಕೊಂಡಳು. ಎಪ್ಪತ್ತೆಂಟು ಎಲೆಗಳು, ಅಂಚಿನಲ್ಲಿ ಗ್ರಹಗಳ ಗುರುತು, ತಿಳಿಯದ ಲಿಪಿಯ ಅಕ್ಷರ. ಜೊತೆಗೆ ಎರಡು ಇಂಗ್ಲಿಷ್ ಪುಸ್ತಕ. ತೆಳುವಾದದ್ದು ಹೊಸದಾಗಿ ಕಲಿಯುವವರಿಗೆ, ದಪ್ಪನಾದದ್ದು ಒಂದೊಂದು ಚಿತ್ರದ ಅರ್ಥಕ್ಕೆ. ತೆಳು ಪುಸ್ತಕದ ಮೊದಲ ಪುಟದಲ್ಲೇ ನಿಯಮಗಳಿದ್ದವು. ದಿನಕ್ಕೊಂದೇ ಎಲೆ, ಸಂಖ್ಯೆಯ ಕ್ರಮದಲ್ಲಿ. ಮೊದಲು ಕಣ್ಣಿಗೆ ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಆಮೇಲೆ ದಪ್ಪ ಪುಸ್ತಕ ತೆರೆಯಬೇಕು. ಇಡೀ ಕಟ್ಟು ಮುಗಿಯುವವರೆಗೆ ಬೇರೆಯವರಿಗಾಗಿ ಎಲೆ ತೆಗೆಯಬಾರದು. ಎದುರಿಗಿಲ್ಲದವನ ಬಗ್ಗೆ ಎಂದಿಗೂ ಕೇಳಬಾರದು.

ಬೆಳಗಿನ ಬಸ್ಸಿಗೆ ಮುಂಚೆ ಎಲೆ ನೋಡುವ ಕಾಲು ಗಂಟೆ ಮನೆಯಲ್ಲಿ ಯಾರೂ ಕೈಹಾಕದ ಅವಳ ಸ್ವಂತ ಹೊತ್ತಾಯಿತು. ಅಲ್ಲಿಯವರೆಗೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಆರನೆಯ ದಿನ ಕಾರ್ಖಾನೆಯ ಗೆಳತಿ ಮೇಘನಾ ಒತ್ತಾಯಿಸಿದಳೆಂದು ಒಂದು ಎಲೆ ತೆಗೆದು, ನಿನ್ನನ್ನು ಗಂಡಿನ ಕಡೆಯವರು ಒಪ್ಪುತ್ತಾರೆ ಎಂದುಬಿಟ್ಟಳು. ಎರಡು ದಿನದಲ್ಲಿ ಅವರು ಒಪ್ಪಿದರು. ಸುದ್ದಿ ಬಸ್ಸು ಹತ್ತಿ ಊರಿಗೆ ಬಂತು. ನಂಜೇಶನ ತಂಗಿ ಶಾಸ್ತ್ರ ಹೇಳುತ್ತಾಳಂತೆ ಎಂದು ನಲ್ಲಿಯ ಬಳಿ ಹೆಂಗಸರು ಮಾತಾಡಿಕೊಂಡಾಗ ಅರ್ಪಿತ ಅಲ್ಲವೆನ್ನಲಿಲ್ಲ. ಮೂವತ್ತಾಗುತ್ತಾ ಬಂದರೂ ಮದುವೆಯಾಗಲಿಲ್ಲವೆಂದು ಮರುಕದಿಂದ ನೋಡುತ್ತಿದ್ದ ಕಣ್ಣುಗಳಲ್ಲಿ ಈಗ ತುಸು ಅಂಜಿಕೆ ಇತ್ತು. ಆ ಅಂಜಿಕೆ ಅವಳಿಗೆ ಹಿತವಾಗಿತ್ತು.

ಹತ್ತನೆಯ ದಿನ ಭಾನುವಾರ. ಕಪಿಲೆಯ ದಂಡೆಯ ಪಂಪ್‌ಮನೆಯಲ್ಲಿ ಅವಳ ಅಣ್ಣ ನಂಜೇಶನ ಮೋಟರ್ ಕಳುವಾಗಿತ್ತು. ಕತ್ತರಿಸಿದ ಕೇಬಲ್ಲಿನ ತುಂಡು ಮಾತ್ರ ಉಳಿದಿತ್ತು. ಪೊಲೀಸರಿಗೆ ದೂರು ಕೊಡುವ ಬದಲು ನಂಜೇಶ್ ಮಾರಮ್ಮನ ಗುಡಿಗೆ ಹೋಗಿ ಹೂ ಕೇಳಿದ. ದೇವರ ಮೈಮೇಲಿನ ಹೂ ಬಲಗಡೆಗೆ ಬಿದ್ದರೆ ಹೌದು, ಎಡಗಡೆಗೆ ಬಿದ್ದರೆ ಅಲ್ಲ. ಒಂದು ಗಂಟೆ ಕಾದರೂ ಅಮ್ಮ ಹೂ ಕೊಡಲಿಲ್ಲ. ಅವನು ಕೇಳಿದ್ದು ಒಂದೇ ಹೆಸರು: ಪ್ರೇಮ್‌ಕುಮಾರ್.

ಪ್ರೇಮ್‌ಕುಮಾರ್ ತಿ. ನರಸೀಪುರದ ಬಸ್ ನಿಲ್ದಾಣದ ಹಿಂದೆ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಯುವಕ. ಪಕ್ಕದ ಊರಿನ ಕಾಲೊನಿಯವನು. ಹದಿನೈದು ದಿನದ ಹಿಂದೆ ರಿಪೇರಿಗೆ ಬಂದಾಗ ನಂಜೇಶನ ಜಗುಲಿಯ ಕುರ್ಚಿಯ ಮೇಲೆ ಕುಳಿತು ಕುಡಿಯಲು ನೀರು ಕೇಳಿದ್ದ. ಅನುಮಾನಕ್ಕೆ ಬೇರೆ ಆಧಾರವಿರಲಿಲ್ಲ. ಬೇರೆ ಆಧಾರ ಬೇಕೆಂದು ಆ ಜಗುಲಿಯಲ್ಲಿ ಯಾರಿಗೂ ಅನ್ನಿಸಲೂ ಇಲ್ಲ.

ನಂಜೇಶ್, ಅವನ ಗೆಳೆಯ ಶಿವಮೂರ್ತಿ, ಶಿವಮೂರ್ತಿಯ ತಮ್ಮ ಮಧುಕುಮಾರ್ ಮೂವರೂ ಬಂದು ಕುಳಿತು ಎಲೆ ತರಲು ಹೇಳಿದರು. ತಾನಿನ್ನೂ ಕಲಿಯುತ್ತಿದ್ದೇನೆ, ಬೇರೆಯವರಿಗೆ ತೆಗೆಯಬಾರದು ಎಂದು ಅರ್ಪಿತ ಹೇಳಿ ನೋಡಿದಳು.

“ಯಾರೋ ಮೇಘನಂಗೆ ಯೋಳಿದ್ದೆಯಂತೆ. ಒಡವುಟ್ಟಿದೋನ್ಗೆ ಯೋಳಕ್ಕಾಗಕಿಲ್ವಾ?” ಎಂದ ನಂಜೇಶ್.

ಅವಳು ಎಲೆಗಳನ್ನು ಕಲೆಸತೊಡಗಿದಳು. ಪಳಗದ ಕೈ. ನಂಜೇಶ್ ಪ್ರೇಮ್‌ಕುಮಾರನ ಹೆಸರೆತ್ತಿದ ಹೊತ್ತಿಗೆ ಒಂದು ಎಲೆ ಜಾರಿ ಅವಳ ಬಲಮಂಡಿಯ ಪಕ್ಕ ಬಿತ್ತು.

“ಬಲಗಡೆ ಆಯ್ತು ಕಣ್ಲಾ,” ಎಂದು ಶಿವಮೂರ್ತಿ ಮೆಲ್ಲಗೆ ಕೈಮುಗಿದ.

ಎಲೆಯ ಮೇಲೆ ಒಬ್ಬ ಮನುಷ್ಯ ಒಂಟಿ ಕಾಲಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ, ಕೈಗಳು ಬೆನ್ನ ಹಿಂದೆ. ಸಂಖ್ಯೆ ಹನ್ನೆರಡು. ಅರ್ಪಿತ ಇನ್ನೂ ಹತ್ತನ್ನು ದಾಟಿರಲಿಲ್ಲ. ಇದರ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಇವನೇ ಕಳ್ಳ ತಾನೆ ಎಂದು ಅಣ್ಣ ಕೇಳಿದ. ಮೂವರೂ ಅವಳ ಬಾಯನ್ನೇ ನೋಡುತ್ತಿದ್ದರು. ಗೊತ್ತಿಲ್ಲವೆಂದರೆ ಆ ನೋಟ ಅಲ್ಲಿಗೇ ಆರಿಹೋಗುತ್ತಿತ್ತು.

“ಇರಬೌದು,” ಎಂದಳು.

ಪ್ರಯೋಗಾಲಯದ ಪುಸ್ತಕದಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ಅವಳೇ ಕೆಂಪು ಗೆರೆ ಎಳೆಯುತ್ತಿದ್ದಳು.

ಶಿವಮೂರ್ತಿ ಎಲೆಯನ್ನು ಜೇಬಿಗೆ ಹಾಕಿಕೊಂಡ. ಮೋಟರ್ ಕೆಟ್ಟಿದೆ, ಪಂಪ್‌ಮನೆಗೆ ಬಾ ಎಂದು ನಂಜೇಶ್ ಪ್ರೇಮ್‌ಕುಮಾರನಿಗೆ ಫೋನು ಮಾಡಿದ್ದು ಅವಳ ಎದುರಿಗೇ. ಅವರು ಹೊರಟಮೇಲೂ ಅವಳು ಬಹಳ ಹೊತ್ತು ಕುಳಿತೇ ಇದ್ದಳು. ಕೊನೆಗೆ ದಪ್ಪ ಪುಸ್ತಕ ತೆರೆದಳು. ಈ ಮನುಷ್ಯನನ್ನು ಯಾರೂ ಶಿಕ್ಷಿಸಿಲ್ಲ ಎಂದು ಅಲ್ಲಿತ್ತು. ಅವನು ತಾನಾಗಿಯೇ ತೂಗಿಕೊಂಡಿದ್ದಾನೆ. ತಲೆಯ ಸುತ್ತ ಪ್ರಭೆಯಿದೆ, ನೋಡಿ. ಈ ಎಲೆ ಬಂದಾಗ ತೀರ್ಪು ಕೊಡದೆ ನಿಲ್ಲಿ. ಪ್ರಭೆ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಪುಸ್ತಕವನ್ನು ಹಿಡಿದುಕೊಂಡೇ ಮನೆಯ ಸ್ಕೂಟರ್ ಹತ್ತಿದಳು.

ಪಂಪ್‌ಮನೆಯಲ್ಲಿ ಅಷ್ಟರಲ್ಲಿ ಅರ್ಧ ಕೆಲಸ ಮುಗಿದಿತ್ತು. ಕದ್ದ ಕೈ ಎಂದು ಪ್ರೇಮ್‌ಕುಮಾರನ ಬಲಗೈಯನ್ನು ಮೋಟರ್ ಕೂರಿಸುವ ಕಾಂಕ್ರೀಟ್ ಕಟ್ಟೆಯ ಮೇಲೆ ಚಾಚಿಸಿ ಪೈಪ್ ಸ್ಪ್ಯಾನರಿನಿಂದ ಜಜ್ಜಿದ್ದರು. ತೆಳ್ಳನೆಯ ತಂತಿಯನ್ನು ಎಳೆ ಎಳೆಯಾಗಿ ಸುತ್ತಿ ಬದುಕುತ್ತಿದ್ದ ಬೆರಳುಗಳು. ಆಮೇಲೆ ಎರಡೂ ಕೈಗಳನ್ನು ಬೆನ್ನಿಗೆ ಕಟ್ಟಿ, ಎಡಗಾಲಿಗೆ ಹಗ್ಗ ಬಿಗಿದು ಎತ್ತಿದ್ದರು. ಶಿವಮೂರ್ತಿ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಎಲೆಯನ್ನು ಒರಗಿಸಿಟ್ಟಿದ್ದ. ಕಟ್ಟಿದ್ದು ಚಿತ್ರದಂತೆಯೇ ಆಗಿದೆಯೇ ಎಂದು ನೋಡಿಕೊಳ್ಳಲು. ನಂಜೇಶ್ ಕೇಬಲ್ಲಿನ ತುಂಡನ್ನು ಮಡಿಸಿ ಬೀಸುತ್ತಿದ್ದ. ತಾಮ್ರ ಹೊರಬಿದ್ದ ತುದಿ ಒಂದೊಂದು ಏಟಿಗೂ ಬೆನ್ನಿನಿಂದ ಒಂದು ಸೀಳು ಚರ್ಮ ಕೀಳುತ್ತಿತ್ತು. ರಕ್ತ ಕುತ್ತಿಗೆಗೆ ಇಳಿದು, ಕಿವಿ ದಾಟಿ, ಕೂದಲ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಅವಳು ಪುಸ್ತಕ ತೆರೆದು ಓದಹೋದಳು.

“ಬಲಗಡೆ ಕೊಟ್ಬುಟ್ಟು ಈಗ ಬುಕ್ಕು ತೋರುಸ್ತಿಯಾ? ಓಗು ಮನೆಗೆ,” ಎಂದು ನಂಜೇಶ್ ಪುಸ್ತಕವನ್ನು ಕಿತ್ತು ನದಿಯ ಕಡೆಗೆಸೆದ.

ತಲೆಕೆಳಗಾಗಿದ್ದವನು ಒಂದು ಕಣ್ಣು ತೆರೆದ. “ಅಕ್ಕ, ನಾನ್ ಕದ್ದಿದ್ ನೀವ್ ನೋಡುದ್ರಾ? ನೋಡಿದ್ರೆ ಯೋಳಿ.”

“ನೋಡ್ನಿಲ್ಲ,” ಎಂದಳು. ಅಣ್ಣನ ಕಡೆ ತಿರುಗಿದಳು. “ನಂಗೆ ಎಲೆ ಓದಕ್ಕೇ ಬರಲ್ಲ ಅಣ್ಣ. ನಾನು ಸುಳ್ಳು ಹೇಳ್ದೆ.”

ಉತ್ತರವಾಗಿ ಬಂದದ್ದು ಕಪಾಳಕ್ಕೆ ಏಟು. ಬಾಯಲ್ಲಿ ರಕ್ತದ ರುಚಿ ಬಂತು. ಬಿದ್ದವಳು ಎದ್ದು ಪ್ರೇಮ್‌ಕುಮಾರನ ಕೆಳಗೆ ನುಗ್ಗಿ, ಅವನ ಭುಜಗಳಿಗೆ ತನ್ನ ಹೆಗಲು ಕೊಟ್ಟು ಮೇಲೆತ್ತಿದಳು, ಕಾಲಿನ ಹಗ್ಗ ಸಡಿಲಾಗಲೆಂದು. ಮುಂದಿನ ಏಟು ಅವಳ ಕೊರಳಿಗೆ ಸುತ್ತಿಕೊಂಡಿತು. ಅದರ ಮುಂದಿನದು ಇಬ್ಬರಿಗೂ ಬಿತ್ತು. ಒಂದು ಕೈಯಲ್ಲಿ ಅವನನ್ನು ತಬ್ಬಿ ಹಿಡಿದು ಇನ್ನೊಂದರಲ್ಲಿ ಪೊಲೀಸರ 112ಕ್ಕೆ ಫೋನು ಮಾಡಿ, ಊರಿನ ಹೆಸರನ್ನೂ ಅಣ್ಣನ ಹೆಸರನ್ನೂ ಹೇಳಿದಳು. ತನ್ನ ಹೆಸರು ಫೋನಿನೊಳಗೆ ಹೋದದ್ದು ಕೇಳಿ ನಂಜೇಶನ ಕೈ ತಡೆಯಿತು. ಮೊದಲು ಹೆದರಿದವನು ಮಧುಕುಮಾರ್. ಅವನೇ ಕುಡುಗೋಲಿನಿಂದ ಹಗ್ಗ ಕೊಯ್ದ. ಇಬ್ಬರೂ ಒಟ್ಟಿಗೆ ನೆಲಕ್ಕೆ ಬಿದ್ದರು.

ಮೈಸೂರಿನ ಆಸ್ಪತ್ರೆಯಲ್ಲಿ ಪ್ರೇಮ್‌ಕುಮಾರನ ಬಲಗೈಯ ಎರಡು ಬೆರಳುಗಳನ್ನು ತೆಗೆದರು. ತೆಂಗಿನ ಮರದಿಂದ ಬಿದ್ದನೆಂದು ಹೇಳಿದರೆ ಮನೆಯ ಮರ್ಯಾದೆ ಉಳಿಯುತ್ತದೆ, ಅವನನ್ನು ಒಪ್ಪಿಸುವುದು ನಮಗೆ ಬಿಡು ಎಂದು ನೆಂಟರಿಷ್ಟರು ಅರ್ಪಿತಳನ್ನು ಸುತ್ತುವರಿದರು. ಅವನಿಂದ ಕೈಯನ್ನೂ ಮಾತನ್ನೂ ಒಟ್ಟಿಗೆ ಕಸಿಯುವ ಉಪಾಯ ಅದು. ಅವಳು ಅವರನ್ನು ದಾಟಿಕೊಂಡು ಹೋಗಿ, ವಾರ್ಡಿನ ಬಾಗಿಲಲ್ಲಿ ಕುಳಿತಿದ್ದ ಅವನ ತಾಯಿ ಮಹದೇವಮ್ಮನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಮುದುಕಿ ಬೈಯಲಿಲ್ಲ.

“ಗೊತ್ತಿಲ್ಲ ಅಂದಿದ್ರೆ ಸಾಕಾಗಿತ್ತಲ್ಲವ್ವ,” ಎಂದಳು. “ನಿನ್ ಗಂಟೇನ್ ಓಯ್ತಿತ್ತು?”

ಅಲ್ಲಿಂದ ಅರ್ಪಿತ ಸೀದಾ ನಂಜನಗೂಡಿನ ಠಾಣೆಗೆ ಹೋಗಿ ಎಲೆಗಳ ಕಟ್ಟನ್ನು ಮೇಜಿನ ಮೇಲಿಟ್ಟಳು. ರೈಟರ್ ಎಣಿಸಿದ: ಎಪ್ಪತ್ತೇಳು. ಉಳಿದ ಒಂದು ಪಂಪ್‌ಮನೆಯ ಮಹಜರಿನಲ್ಲಿ ಆಗಲೇ ಸೇರಿತ್ತು. ಆರೋಪಿಗಳ ಹೆಸರು ಹೇಳಿ ಎಂದ. ಮೊದಲು ತನ್ನ ಹೆಸರು ಬರೆಯಲು ಹೇಳಿದಳು.

“ನೀವು ಒಡ್ದಿಲ್ವಲ್ಲ ಮೇಡಂ?”

“ಇರಬೌದು ಅಂದೋಳು ನಾನು. ಅದನ್ನೂ ಬರ್ಕೊಳಿ.”

ಅವನು ಬರೆದುಕೊಂಡ. ಆಮೇಲೆ ಅಣ್ಣನ ಹೆಸರು, ಶಿವಮೂರ್ತಿಯದು, ಮಧುಕುಮಾರನದು. ಹಾಳೆ ತಿರುಗಿಸಿ, ಹಾಗಾದರೆ ಮೋಟರ್ ಕದ್ದವರು ಯಾರೆಂದು ಕೇಳಿದ.

“ಗೊತ್ತಿಲ್ಲ,” ಎಂದಳು ಅರ್ಪಿತ.