ಹಿಮ್ಮಡಿಯ ಅಳತೆ

"ಕಾಲು ಬಿಗಿ ಹಿಡೀಬೇಡಿ ಟೈಲರೇ, ನಾನೇನು ಕಿತ್ಕೊಂಡು ಓಡಿಹೋಗ್ತೀನಾ?" ಎನ್ನುತ್ತ ನರ್ಸ್ ಬ್ಯಾಂಡೇಜಿನ ಕೊನೆಯ ಸುತ್ತು ಬಿಚ್ಚಿದಳು.

ಟೈಲರ್ ಕಣ್ಣು ಮುಚ್ಚಿಕೊಂಡಿದ್ದ. ಊರಿನ ಅರ್ಧ ಜನರ ಸೊಂಟದಳತೆ ಬಾಯಿಪಾಠವಿದ್ದ ಮನುಷ್ಯನಿಗೆ ತನ್ನದೇ ಹಿಮ್ಮಡಿಯ ಹುಣ್ಣು ನೋಡುವ ಧೈರ್ಯವಿರಲಿಲ್ಲ. ಸಕ್ಕರೆ ಕಾಯಿಲೆಯ ಕಾಲು. ಯಾವ ಮುಲಾಮಿಗೂ ಜಗ್ಗದ ಹುಣ್ಣು. ಈ ಹೊಸ ಜೆಲ್ ಹಾಕಿ ನೋಡೋಣ, ಹುಣ್ಣು ಕಿರಿದಾಗದಿದ್ದರೆ ಪಾದ ತೆಗೆಯಲೇಬೇಕು ಎಂದು ಡಾಕ್ಟರು ಹಿಂದಿನ ತಿಂಗಳು ನೇರವಾಗಿಯೇ ಹೇಳಿದ್ದರು. ಅದು ಹೊಲಿಗೆ ಯಂತ್ರ ತುಳಿಯುವ ಬಲಗಾಲು.

ಜೆಲ್ ಎಂದರೆ ಕಡಲ ಪಾಚಿಯ ಸಾರಕ್ಕೆ ಗಿಡದ ಅಂಟು ಸೇರಿಸಿ ಮಾಡಿದ ತಂಪಾದ, ಜಾರುವ ಹಾಳೆ. "ಹುಣ್ಣು ಒಣಗ್ಬೇಕು ಅಂತ ಎಲ್ರೂ ಬಡ್ಕೋತಾರೆ, ನೀವು ಒದ್ದೆ ಮಾಡ್ತೀರಲ್ಲ ಸಿಸ್ಟರ್?" ಎಂದು ಅವನು ಮೊದಲ ದಿನವೇ ತಕರಾರು ತೆಗೆದಿದ್ದ. "ಹೊಸ ಚರ್ಮ ಹಬ್ಬೋಕೆ ಪಸೆ ಬೇಕು. ಒಣಗಿಸಿದ್ರೆ ಅಲ್ಲೇ ನಿಂತ್ಬಿಡುತ್ತೆ" ಎಂದಿದ್ದಳು ಅವಳು.

ಈಗ ಹುಣ್ಣು ತೊಳೆದು, ಅದರ ಮೇಲೆ ಎರಡು ಪದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಟ್ಟು, ಹುಣ್ಣಿನ ಅಂಚಿನುದ್ದಕ್ಕೂ ಕಪ್ಪು ಗೆರೆ ಎಳೆದಳು. ಹುಣ್ಣಿಗೆ ತಾಗಿದ ಪದರ ಸುಲಿದು ಬಿಸಾಡಿದಳು. ಮೊದಲ ದಿನವೂ ಹೀಗೇ ಎಳೆದು, ಗೆರೆಯ ಮೇಲೇ ಕತ್ತರಿಸಿ, ಮುಂದೆ ಹೋಲಿಸಿ ನೋಡಲೆಂದು ತೆಗೆದಿಟ್ಟಿದ್ದಳು. ಆ ತುಂಡು ಮೇಜಿನ ಮೇಲಿತ್ತು.

"ಕೊಡಿ ಸಿಸ್ಟರ್, ಕತ್ತರಿ ಕೆಲಸ ನಂದು" ಎಂದು ಟೈಲರ್ ಕಣ್ಣು ಬಿಟ್ಟು ಕೈ ಚಾಚಿದ. ಅವಳು ನಗುತ್ತ ಹಾಳೆ ಕೊಟ್ಟು ಡಾಕ್ಟರನ್ನು ಕರೆಯಲು ಹೋದಳು.

ಕತ್ತರಿ ಹಿಡಿದದ್ದೇ ತಡ, ಕೈ ತನ್ನಷ್ಟಕ್ಕೆ ತಾನು ಓಡಿತು. ಕತ್ತರಿಸಿದ್ದನ್ನು ಹಳೆಯ ತುಂಡಿನ ಮೇಲಿಟ್ಟ. ಅಂಚಿಗೆ ಅಂಚು ಕೂತಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಮುಗೀತು ಕಣೇ. ಮಿಷಿನ್ ಮಾರ್ಬಿಡೋಣ" ಎಂದ ಪಕ್ಕದಲ್ಲಿದ್ದ ಹೆಂಡತಿಗೆ.

ಅವಳು ಮದುವೆಯಾದಾಗಿನಿಂದ ಅವನು ಕತ್ತರಿಸಿದ್ದಕ್ಕೆಲ್ಲ ಗುಂಡಿ ಹಚ್ಚಿದವಳು. ನಂಬಲಾರದೆ ಎರಡೂ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ರೀ!"

ಆ ಕೂಗಿಗೆ ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಇಣುಕಿದರು.

"ನಿಮ್ಮ ಬುದ್ಧಿಗಿಷ್ಟು! ಹೊಲಿಗೆಗೆ ಅಂತ ಜಾಗ ಬಿಟ್ಟು ಕತ್ತರಿಸಿದ್ದೀರಲ್ರೀ! ಗೆರೆ ಎಲ್ಲಿದೆ, ಕತ್ತರಿ ಎಲ್ಲಿ ಹೋಗಿದೆ ನೋಡಿ! ಹುಣ್ಣಿಗೆ ಯಾರ್ರೀ ಮಾರ್ಜಿನ್ ಬಿಡ್ತಾರೆ?"

ಟೈಲರ್ ಕಿತ್ತುಕೊಂಡು ನೋಡಿದ. ಹೌದು, ಕಪ್ಪು ಗೆರೆ ಅಂಚಿಗಿಂತ ಎಷ್ಟೋ ಒಳಗಿತ್ತು. ಅಂಚು ನೋಡಿ ರೂಢಿಯಾದ ಕಣ್ಣಿಗೆ ಅದು ಕಂಡೇ ಇರಲಿಲ್ಲ. ಮತ್ತೆ ಕತ್ತರಿ ಎತ್ತಿಕೊಂಡು ಗೆರೆಯ ಮೇಲೇ ಕತ್ತರಿಸಿದ. ಅಂಗೈಗೆ ಬಿದ್ದದ್ದು ಕೋಟಿನ ಗುಂಡಿಯಷ್ಟು. ಹಳೆಯದರ ಮೇಲಿಟ್ಟರೆ ಸುತ್ತಲೂ ಹಳೆಯದೇ ಕಾಣುತ್ತಿತ್ತು. ಅವನಿಗೆ ಖುಷಿ ತಡೆಯಲಾಗಲಿಲ್ಲ. "ನೋಡೇ, ನೋಡೇ, ಎಷ್ಟು ಪುಟಾಣಿ!" ಎಂದು ಕೂಗಿದ. ಹೆಂಡತಿ ನಗುತ್ತಲೇ ಅತ್ತಳು.

ಡಾಕ್ಟರು ಬಂದು ಹಿಮ್ಮಡಿ ನೋಡಿದರು, ತುಂಡುಗಳನ್ನೂ ನೋಡಿದರು. "ಸದ್ಯಕ್ಕೆ ಆಪರೇಷನ್ ಮಾತು ಬೇಡ. ಇದನ್ನೇ ಮುಂದುವರಿಸೋಣ" ಎಂದರು.

ನರ್ಸ್ ಹೊಸ ಜೆಲ್ ಹಾಳೆ ಹೊದಿಸಿ ಬ್ಯಾಂಡೇಜು ಸುತ್ತತೊಡಗಿದಳು.

"ಕಾಲು ಅಲುಗಾಡಿಸ್ಬೇಡಿ ಟೈಲರೇ!"

"ಇಲ್ಲ ಸಿಸ್ಟರ್, ಎಲ್ಲಿ ಅಲುಗಾಡಿಸ್ದೆ?" ಎಂದ ಅವನು. ಮಂಚದ ತುದಿಯಾಚೆ ಬಲಪಾದ ಮೆಲ್ಲಗೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲೇ ಇತ್ತು.